ತುಮಕೂರು ವಿವಿ ಎಂ.ಎ.: ಅಂಗವಿಕಲರ ವಿದ್ಯಾರ್ಥಿವೇತನಕ್ಕೆ ಎಲ್ಲಿ ಅರ್ಜಿ ಹಾಕಲಿ?

ಪಾವಗಡದವಳು:
ತುಮಕೂರು ವಿವಿಯಲ್ಲಿ ಕನ್ನಡ ಎಂ.ಎ. ಸೇರಿದ್ದೀನಿ. ದೃಷ್ಟಿದೋಷ ಶೇ. 75, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ. ಅಪ್ಪನದು ಕಡಲೆಕಾಯಿ ಬೇಸಾಯ, ಈ ಸಲ ಮಳೆ ಕೈಕೊಡ್ತು. ವಿದ್ಯಾರ್ಥಿವೇತನದ ಎರಡು ಪೋರ್ಟಲ್ ಇವೆಯಲ್ಲ, ಎಸ್‌ಎಸ್‌ಪಿಯಲ್ಲಿ ಹಾಕಲೋ, ಎನ್‌ಎಸ್‌ಪಿಯಲ್ಲೋ? ಕ್ಯಾಪ್ಚಾ ಓದೋಕಾಗಲ್ಲ ಅಂತ ಸೈಬರ್ ಸೆಂಟರ್‌ಗೆ ಹೋದ್ರೆ ಓಟಿಪಿ ಎಲ್ಲಾ ಅವರ ಮುಂದೆ ಹೇಳ್ಬೇಕು. ಅದು ನಂಗೆ ತುಂಬಾ ಹಿಂಸೆ.

ಗುಬ್ಬಿ ಅಣ್ಣ:
ತಂಗಿ, ಎನ್‌ಎಸ್‌ಪಿ ಕೇಂದ್ರದ್ದು. ಅದರಲ್ಲಿ ಅಂಗವಿಕಲರ ಪೋಸ್ಟ್ ಮೆಟ್ರಿಕ್ ಯೋಜನೆಗೆ ಅಂಗವೈಕಲ್ಯ ಕನಿಷ್ಠ ಶೇ. 40, ಮನೆಯ ವಾರ್ಷಿಕ ಆದಾಯ 2.5 ಲಕ್ಷದೊಳಗೆ ಇರಬೇಕು. ಎಸ್‌ಎಸ್‌ಪಿ ರಾಜ್ಯದ್ದು. ಎರಡರ ಷರತ್ತನ್ನೂ ಪೂರ್ತಿ ಓದಿಸಿ ಕೇಳಿಕೊಂಡೇ ಹಾಕು. ನಾಡಕಚೇರಿಯ ಆದಾಯ ಪತ್ರ ಈಗಲೇ ಮಾಡಿಸಿಟ್ಟುಕೋ. ಆಧಾರ್, ಯುಡಿಐಡಿ, ಅಂಕಪಟ್ಟಿ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿಸು. ಅರ್ಜಿ ತುಂಬೋಕೆ ನಂಬಿಕಸ್ತ ಗೆಳತಿ ಪಕ್ಕದಲ್ಲಿರಲಿ, ಓಟಿಪಿ ಹೊರಗಿನವರಿಗೆ ಹೇಳಲೇಬೇಡ.

ತಿಪಟೂರು ಅಕ್ಕ:
ಸಬ್ಮಿಟ್ ಕೊಟ್ರೆ ಮುಗೀಲಿಲ್ಲಮ್ಮ. ಸಂಸ್ಥೆಯ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು; ವಿಭಾಗದಲ್ಲಿ ಹೋಗಿ ವಿಚಾರಿಸು, ಸಂಕೋಚ ಬೇಡ. ಬ್ಯಾಂಕಲ್ಲಿ ಆಧಾರ್ ಸೀಡಿಂಗ್ (ಸರ್ಕಾರದ ಹಣ ಆಧಾರ್ ಮೂಲಕ ಆ ಖಾತೆಗೇ ಬರೋ ಹಾಗೆ ಜೋಡಿಸೋದು) ಆಗಿದೆಯಾ ಅಂತಲೇ ಕೇಳು, ಬರೀ ಲಿಂಕ್ ಸಾಲದು. ಊರಲ್ಲಿದ್ದಾಗ ಪಂಚಾಯಿತಿಯ ವಿಆರ್‌ಡಬ್ಲ್ಯು (ಅಂಗವಿಕಲರಿಗೆ ನೆರವಾಗೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನ ನೋಡು, ಇಂಥ ಕೆಲಸಕ್ಕೇ ಅವರಿರೋದು.

ಪಾವಗಡದವಳು:
ಸೀಡಿಂಗ್ ವಿಷಯ ಯಾರೂ ಹೇಳಿರಲಿಲ್ಲ ಅಕ್ಕ. ಸೋಮವಾರ ಬ್ಯಾಂಕಿಗೆ ಹೋಗ್ತೀನಿ.