'ಅಚ್ಚು' ಮತ್ತು 'ನಕಲಿ': ಹಳೆಯ ಬೆಳ್ಳಿ ನಾಣ್ಯಗಳ ಪರೀಕ್ಷೆಯಲ್ಲಿ ಯಾವುದಕ್ಕೆ ಯಾವ ಪದ?

ಮಾನ್ಯರೇ,

ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಅಸಲಿಯನ್ನು ಗುರುತಿಸುವ ಬಗೆಯನ್ನು ಕುರಿತು ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಎರಡು ಪದಗಳು ನನ್ನನ್ನು ಕಾಡುತ್ತಿವೆ.

ಮೊದಲನೆಯದು 'ಅಚ್ಚು'. ಬೆಳ್ಳಿಯ ಬಿಲ್ಲೆಯ ಮೇಲೆ ಹೊಡೆದು ಚಿತ್ರ ಮೂಡಿಸುವ ಗಟ್ಟಿ ಲೋಹದ ತುಂಡೂ ನಮಗೆ ಅಚ್ಚು, ಕರಗಿದ ಲೋಹವನ್ನು ಹೊಯ್ಯುವ ಪೊಳ್ಳು ಆಕಾರವೂ ಅಚ್ಚು. ಬೇರೆ ಸಂದರ್ಭಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಟಂಕಿಸಿದವು, ಅಂದರೆ ಅಚ್ಚಿನಿಂದ ಹೊಡೆದು ಮಾಡಿದವು. ಅವನ್ನು ಹೋಲುವಂತೆ ಮಾಡಿದವುಗಳಲ್ಲಿ ಅನೇಕವು ಎರಕ ಹೊಯ್ದವು. ಟಂಕಿಸುವಾಗ ಲೋಹವು ಒತ್ತಡಕ್ಕೆ ಸಿಕ್ಕಿ ಅಕ್ಷರದ ಮೂಲೆಮೂಲೆಗೂ ನುಗ್ಗುವುದರಿಂದ ಗೆರೆಗಳು ಚೂಪಾಗಿ ನಿಲ್ಲುತ್ತವೆ. ಎರಕದಲ್ಲಿ ಲೋಹವು ಆರುತ್ತ ಕುಗ್ಗುವುದರಿಂದ ಅಕ್ಷರಗಳು ಮೊಂಡಾಗುತ್ತವೆ, ಮೈಮೇಲೆ ಸಣ್ಣ ಗುಳಿಗಳು ಉಳಿಯುತ್ತವೆ, ಎರಡು ಅರ್ಧಗಳು ಕೂಡಿದ ಗೆರೆ ಪಕ್ಕದಲ್ಲಿ ಕಾಣಬಹುದು; ಅದನ್ನು ಅರದಿಂದ ಉಜ್ಜಿ ಅಳಿಸಿದ್ದರೆ ಉಜ್ಜಿದ ಗುರುತೇ ಸಾಕ್ಷಿ ಹೇಳುತ್ತದೆ.

ಈಗ 'ಈ ಎರಡು ನಾಣ್ಯಗಳು ಒಂದೇ ಅಚ್ಚಿನವು' ಎಂಬ ವಾಕ್ಯವನ್ನು ನೋಡಿ. ಟಂಕದ ಅಚ್ಚು ಎಂದು ತಿಳಿದರೆ ಅದರಲ್ಲಿ ಸಂಶಯಪಡುವಂಥದ್ದೇನೂ ಇಲ್ಲ: ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯಗಳು ಬಂದಿರುತ್ತವೆ, ಆದರೂ ಪ್ರತಿಯೊಂದರ ಬಿಲ್ಲೆಯ ಆಕಾರ, ಚಿತ್ರ ಪಕ್ಕಕ್ಕೆ ಸರಿದ ಬಗೆ, ಸವೆತ ಬೇರೆಬೇರೆಯಾಗಿರುತ್ತವೆ. ಎರಕದ ಅಚ್ಚು ಎಂದು ತಿಳಿದರೆ ಅದೇ ವಾಕ್ಯ ನಾಣ್ಯವನ್ನು ತಳ್ಳಿಹಾಕುತ್ತದೆ, ಏಕೆಂದರೆ ಮೂಲ ನಾಣ್ಯದ ಮೇಲಿದ್ದ ಗೀರು, ತಗ್ಗು, ಸವೆತಗಳೆಲ್ಲ ಎರಡರಲ್ಲಿಯೂ ಒಂದೇ ಜಾಗದಲ್ಲಿ ಪಡಿಮೂಡಿರುತ್ತವೆ. ಒಂದೇ ವಾಕ್ಯ ಎರಡು ವಿರುದ್ಧ ತೀರ್ಪುಗಳನ್ನು ಕೊಡಬಾರದು. ಟಂಕಿಸುವುದಕ್ಕೆ 'ಟಂಕದಚ್ಚು', ಹೊಯ್ಯುವುದಕ್ಕೆ 'ಎರಕದಚ್ಚು' ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. 'ಪಡಿಯಚ್ಚು' ಎಂಬುದನ್ನು ಎರಡನೆಯದಕ್ಕೆ ಇಡಬಹುದಿತ್ತು. ಆದರೆ 'ಮಗ ತಂದೆಯ ಪಡಿಯಚ್ಚು' ಎಂದು ಆಡಿ ಆಡಿ ಅದರ ಅರ್ಥ ಆಕಾರದಿಂದ ಹೋಲಿಕೆಯ ಕಡೆಗೆ ವಾಲಿಬಿಟ್ಟಿದೆ.

ಎರಡನೆಯದು 'ನಕಲಿ'. ಕ್ರಿ.ಪೂ. 375–374ರ ಅಥೆನ್ಸಿನ ಕಾನೂನೊಂದು, ಒಳಗೆ ಕಂಚು ಅಥವಾ ಸೀಸವಿದ್ದು ಮೇಲೆ ಬೆಳ್ಳಿ ಹೊದಿಸಿದ ನಾಣ್ಯ ಸಿಕ್ಕಿದರೆ ಪರೀಕ್ಷಕನು ಅದನ್ನು ಕೂಡಲೇ ಕತ್ತರಿಸಬೇಕೆಂದು ವಿಧಿಸಿತ್ತು. ಅಂಥ ನಾಣ್ಯ ಮೋಸದ್ದು ನಿಜ, ಆದರೆ ಹಳೆಯದೂ ನಿಜ. ಇದಕ್ಕೆ ತಿರುಗುಮುರುಗಾದದ್ದು ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಮಾಡಿದ ಕೆಲಸ. ಅವನು ಪ್ರಾಚೀನ ನಾಣ್ಯಗಳ ಟಂಕದಚ್ಚುಗಳನ್ನು ತಾನೇ ಕೊರೆದು, ಕೆಲವೊಮ್ಮೆ ಸವೆದುಹೋದ ನಿಜವಾದ ಹಳೆಯ ನಾಣ್ಯಗಳನ್ನೇ ಬಿಲ್ಲೆಯಾಗಿ ಬಳಸಿ ಅವುಗಳ ಮೇಲೆ ಹೊಡೆದ; ಅವನ ಗುರಿ ಸಂತೆಯಲ್ಲ, ಸಂಗ್ರಾಹಕರು. ಅಲ್ಲಿ ಬೆಳ್ಳಿ ಅಸಲಿ, ಅದರ ಹಳಮೆಯೂ ಅಸಲಿ, ನಾಣ್ಯ ಮಾತ್ರ ಅಲ್ಲ. ಮೂರನೆಯ ಬಗೆ ಆಸ್ಟ್ರಿಯಾದ ರಾಣಿಯ ಹೆಸರಿನ ಬೆಳ್ಳಿ ನಾಣ್ಯವಾದ ಮರಿಯಾ ತೆರೇಸಾ ಥಾಲರ್: ರಾಣಿ ತೀರಿಕೊಂಡ 1780ನೆಯ ಇಸವಿಯನ್ನೇ ಹೊತ್ತು, ಅವಳ ನಂತರವೂ ವಿಯೆನ್ನಾ, ರೋಮ್, ಲಂಡನ್ ಮೊದಲಾದ ಟಂಕಸಾಲೆಗಳಲ್ಲಿ ಹೊರಬರುತ್ತಲೇ ಇತ್ತು. ಸುಮಾರು 28.07 ಗ್ರಾಂ ತೂಕ, ಸಾವಿರದಲ್ಲಿ 833 ಪಾಲು ಬೆಳ್ಳಿ, ಎಲ್ಲವೂ ಸರಿ. ಸುಳ್ಳಾಡುವುದು ಇಸವಿ ಒಂದೇ. ಇದನ್ನು ನಕಲಿ ಎನ್ನಲು ನನಗೆ ಮನಸ್ಸು ಬಾರದು.

ಚಲಾವಣೆಗೆಂದೇ ಮಾಡಿದ ಮೊದಲನೆಯದನ್ನು 'ಖೋಟಾ' ಎಂದೂ, ಸಂಗ್ರಾಹಕರನ್ನು ವಂಚಿಸಲು ಮಾಡಿದ ಎರಡನೆಯದನ್ನು 'ನಕಲಿ' ಎಂದೂ, ಮೂರನೆಯದನ್ನು 'ಮರುಟಂಕ' ಎಂದೂ ಕರೆಯಬಹುದೇ? ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಮೋಸದ ನಾಣ್ಯಕ್ಕೆ 'ಕೂಟರೂಪ' ಎಂಬ ಹೆಸರಿದೆ. ಇಂದಿನ ಓದುಗರಿಗೆ 'ಕೂಟ' ಎಂದೊಡನೆ ಸಂಘವೋ ಒಕ್ಕೂಟವೋ ನೆನಪಾಗುವುದರಿಂದ ಅದನ್ನು ಕೈಬಿಟ್ಟೆ.

ಈ ವಿಂಗಡಣೆ ಕೇವಲ ಪಾಂಡಿತ್ಯಕ್ಕಲ್ಲ, ಪರೀಕ್ಷೆಗೂ ಬೇಕು. ಒರೆಗಲ್ಲಾಗಲಿ ನೀರಿನಲ್ಲಿ ತೂಗಿ ಸಾಂದ್ರತೆ ಅಳೆಯುವುದಾಗಲಿ ಲೋಹವನ್ನು ಕುರಿತು ಮಾತ್ರ ಹೇಳುತ್ತವೆ. ಶುದ್ಧ ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ, ತಾಮ್ರದ್ದು 8.96, ಹೀಗಾಗಿ ತಾಮ್ರದ ಒಡಲಿನ ಖೋಟಾ ಅಲ್ಲಿ ಸಿಕ್ಕಿಬೀಳುತ್ತದೆ, ಬೆಕರನ ನಾಣ್ಯ ಗೆದ್ದುಬರುತ್ತದೆ. 'ಒರೆಗೆ ನಿಂತಿತು, ಆದ್ದರಿಂದ ಅಸಲಿ' ಎಂಬ ಮಾತು ಬೆಳ್ಳಿಗೆ ಸಲ್ಲುತ್ತದೆ, ನಾಣ್ಯಕ್ಕಲ್ಲ.

ಇದೇ ಜಾಡಿನಲ್ಲಿ 'ಕಿಲುಬು' ಎಂಬುದನ್ನೂ ಕೇಳಬೇಕಾಗಿದೆ. ಗಂಧಕದ ಸಂಪರ್ಕದಿಂದ ಬೆಳ್ಳಿ ಕಪ್ಪಾಗುವುದನ್ನು ಕೆಲವರು ಕಿಲುಬು ಎಂದು ಬರೆಯುತ್ತಾರೆ. ನನ್ನ ಕಿವಿಗೆ ಅದು ತಾಮ್ರ, ಹಿತ್ತಾಳೆಗಳ ಹಸಿರಿಗೆ ಮೀಸಲಾದ ಪದ. ಬೆಳ್ಳಿಯ ಹೊದಿಕೆ ಹರಿದ ಕಡೆ ಹಸಿರು ಇಣುಕಿದರೆ ಒಳಗೆ ತಾಮ್ರವಿದೆಯೇ ಎಂದು ನೋಡಬೇಕಾಗುವುದರಿಂದ, ಕಪ್ಪಿಗೂ ಹಸಿರಿಗೂ ಒಂದೇ ಹೆಸರು ಸಲ್ಲದು.

ಕೊನೆಯದಾಗಿ, ನಾಣ್ಯ ಪರೀಕ್ಷಿಸುವವನಿಗೆ ಕನ್ನಡದಲ್ಲಿ 'ನೋಟಗಾರ' ಎಂಬ ಹಳೆಯ ಪದವಿದೆ. ಅಥೆನ್ಸಿನ ಆ ಅಧಿಕಾರಿಯನ್ನು 'ಪರೀಕ್ಷಕ' ಎನ್ನುವ ಬದಲು 'ನೋಟಗಾರ' ಎಂದು ಬರೆದರೆ ಓದುಗರಿಗೆ ಅರ್ಥವಾದೀತೇ, ಅಥವಾ ಬರಿಯ ಪ್ರೇಕ್ಷಕ ಎಂದುಕೊಂಡಾರೇ? ತಿಳಿದವರು ದಯವಿಟ್ಟು ತಿಳಿಸಬೇಕು.