ಅಣ್ಣನ 9ರ ಶೂ ತಮ್ಮನಿಗೆ: ಹಿಮ್ಮಡಿ ಜಾರುತ್ತೆ, ಇಳಿಯುವಾಗ ಬೆರಳೂ ಬಡಿಯುತ್ತೆ

ಬೆಟ್ಟದಹುಳ: ಯುಕೆ 9ರ ಲೋ-ಕಟ್ (ಹರಡಿಗಿಂತ ಕೆಳಗೇ ನಿಲ್ಲುವ) ಜಾಲರಿ ಬಟ್ಟೆಯ ಶೂ. ನನ್ನ ಪಾದ ಅಗಲ, ಕಿರುಬೆರಳು ಒತ್ತುತ್ತೆ. ಅದಕ್ಕೇ ತಮ್ಮನಿಗೆ ಕೊಡೋಣ ಅಂತ, ಅವನ ಅಳತೆ 8. ಎರಡು ಜೊತೆ ಕಾಲ್ಚೀಲ ಹಾಕಿ ತುದಿಗೆ ಹತ್ತಿ ತುರುಕಿದರೂ ಹಿಮ್ಮಡಿ ಮೇಲೇಳುತ್ತೆ. ಮೆಟ್ಟಿಲಿಳಿದರೆ ಬೆರಳು ಮುಂದಕ್ಕೆ ಬಡಿಯುತ್ತೆ. ಶೂ ದೊಡ್ಡದಾದ್ರೂ ಹೀಗ್ಯಾಕೆ? ಕುಮಾರಪರ್ವತಕ್ಕೆ ಹೊರಟಿದ್ದಾನೆ.

ಲೇಸುಗಂಟು: ದೊಡ್ಡದಾಗಿರೋದಕ್ಕೇ ಬಡಿಯೋದು. ಹಿಮ್ಮಡಿ ಹಿಡಿತ ತಪ್ಪಿದರೆ ಇಳಿಜಾರಲ್ಲಿ ಇಡೀ ಪಾದ ಮುಂದಕ್ಕೆ ಜಾರುತ್ತೆ. ಹತ್ತಿ ಮೊದಲು ತೆಗೀರಿ, ಬೆರಳು ಹೋಗಿ ಅದಕ್ಕೇ ಗುದ್ದುತ್ತೆ. ಎರಡು ಜೊತೆ ಕಾಲ್ಚೀಲವೂ ಬೇಡ, ದಪ್ಪದ್ದು ಒಂದೇ ಸಾಕು.

ಸಂಜೆ, ಪಾದ ಸ್ವಲ್ಪ ಊದಿರುವಾಗ, ಇನ್‌ಸೋಲ್ (ಶೂ ಒಳಗಿನ ಹಾಸು) ಹೊರತೆಗೆದು ಕಾಲ್ಚೀಲ ಹಾಕಿಯೇ ಅದರ ಮೇಲೆ ನಿಲ್ಲಿಸಿ. ಹಿಮ್ಮಡಿ ಹಿಂದಿನ ಅಂಚಿಗೆ ಸರಿಯಾಗಿ ಕೂತಿರಬೇಕು. ಉದ್ದದ ಬೆರಳಿನ ಮುಂದೆ 10–12 ಮಿಮೀ ಜಾಗ ಬೇಕು. ಯುಕೆ ಲೆಕ್ಕದಲ್ಲಿ ಒಂದು ಸೈಜ್ ಅಂದ್ರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಮೀ. ಹಾಗಾಗಿ ಒಂದು ಸೈಜ್ ದೊಡ್ಡ ಶೂನಲ್ಲಿ ಆ ಜಾಗ 20 ಮಿಮೀ ಆಸುಪಾಸು ಬಂದರೆ ಪ್ರಯತ್ನಿಸಬಹುದು. 25 ದಾಟಿದರೆ ಕೈಬಿಡಿ.

ಬೆಟ್ಟದಹುಳ: 19 ಬಂತು.

ಲೇಸುಗಂಟು: ಹಾಗಾದ್ರೆ ಮೂಲ ಇನ್‌ಸೋಲ್ ಕೆಳಗೆ 2–3 ಮಿಮೀ ಚಪ್ಪಟೆ ಇನ್‌ಸೋಲ್ ಇಡಿ. ಬರೀ ಹಿಮ್ಮಡಿಗೆ ಪ್ಯಾಡ್ ಇಟ್ಟರೆ ಹಿಮ್ಮಡಿ ಎತ್ತರವಾಗಿ ಇನ್ನಷ್ಟು ಜಾರುತ್ತೆ. ಶೂ ನಾಲಿಗೆಯ (ಲೇಸಿನ ಕೆಳಗಿನ ಪಟ್ಟಿ) ಒಳಬದಿಗೆ 3–5 ಮಿಮೀ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಂಟಿಸಿ, ಅದು ಪಾದವನ್ನು ಹಿಂದಕ್ಕೆ ತಳ್ಳುತ್ತೆ. ಈ ಉಪಾಯ ಹೆಚ್ಚಿನವರಿಗೆ ಹೊಳೆಯೋದೇ ಇಲ್ಲ.

ಲೇಸು: ಬೆರಳ ಕಡೆ ಸಡಿಲ, ಹರಡಿನ ಮಡಿಕೆಯಲ್ಲಿ ಎರಡು ಸುತ್ತು ಹಾಕಿ ಬಿಗಿಸಿ. ಮೇಲ್ತುದಿಯ ಹೆಚ್ಚುವರಿ ತೂತಿಗೆ ಅದೇ ಬದಿಯಲ್ಲಿ ಲೇಸು ತೂರಿಸಿ ಕುಣಿಕೆ ಬಿಡಿ. ಎದುರು ಬದಿಯ ತುದಿಯನ್ನು ಆ ಕುಣಿಕೆಯೊಳಗೆ ಹಾಯಿಸಿ, ಎರಡೂ ತುದಿಯನ್ನು ಕೆಳಕ್ಕೆಳೆದು ಕಟ್ಟಿ.

ಸೋಲ್‌ಪರೀಕ್ಷೆ: ಇಷ್ಟಕ್ಕೂ ಮೊದಲು ಶೂವನ್ನು ಬಗ್ಗಿಸಿ ನೋಡಿ. ಅದು ಮಡಿಯುವ ಜಾಗ ತಮ್ಮನ ಹೆಬ್ಬೆರಳ ಬುಡದ ಉಬ್ಬಿನ ಕೆಳಗೇ ಬರಬೇಕು. ಬಹಳ ಮುಂದಿದ್ದರೆ ಲೇಸು, ಪ್ಯಾಡ್ ಯಾವುದೂ ಉಪಯೋಗಕ್ಕೆ ಬರಲ್ಲ.

ಹಳೆಯ ಇನ್‌ಸೋಲಲ್ಲಿ ನಿಮ್ಮ ಪಾದದ ಅಚ್ಚು ಕೂತಿದ್ದರೆ ಹೊಸದು ಹಾಕಿ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಬದಿಗೆ ವಾಲಿದ್ದರೆ ಕೊಡಲೇಬೇಡಿ. ಅಟ್ಟದಲ್ಲಿ ವರ್ಷಗಟ್ಟಲೆ ಇದ್ದದ್ದಾ? ತಳದ ನಡುಪದರ (ಮಿಡ್‌ಸೋಲ್) ಪಿಯು, ಅಂದ್ರೆ ಪಾಲಿಯುರೆಥೇನ್ ಫೋಮ್ ಆಗಿದ್ದರೆ ತೇವಕ್ಕೆ ಒಳಗೊಳಗೇ ಕೊಳೆತಿರಬಹುದು. ಉಗುರಿನಿಂದ ಒತ್ತಿ; ಪುಡಿ ಉದುರಿದರೆ ಅಥವಾ ಅಂಟಿದರೆ ಕಸಕ್ಕೆ. ಬೆಟ್ಟದ ಮಧ್ಯೆ ತಳ ಕಿತ್ತುಬಂದರೆ ಏನೂ ಮಾಡೋಕಾಗಲ್ಲ.

ಒಣಗಾಳಿ: ಕಾಲಿಗೆ ಶಿಲೀಂಧ್ರ ಸೋಂಕು ಇದ್ದವರ ಶೂ ಯಾರಿಗೂ ಬೇಡ. ತೊಳೆದಮೇಲೆ ಕಾಗದ ತುಂಬಿ ನೆರಳಲ್ಲೇ ಒಣಗಿಸಿ, ಕಡುಬಿಸಿಲಿಗೆ ಅಂಟು ಬಿಡಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಇಂಥ ಹೊಂದಿಸಿದ ಶೂ ಕೊಡಬಾರದು. ಉಜ್ಜಿ ಹುಣ್ಣಾದರೂ ಅವರಿಗೆ ಗೊತ್ತಾಗಲ್ಲ.

ಬೆಟ್ಟದಹುಳ: ಶೂ ಸರಿಯಾದ ಜಾಗದಲ್ಲೇ ಮಡಿಯುತ್ತೆ. ಫೆಲ್ಟ್, ಲೇಸು ಎರಡೂ ಮಾಡಿದೆವು. ಹಿಮ್ಮಡಿ ಈಗ ಏಳ್ತಿಲ್ಲ. ಕುಮಾರಪರ್ವತಕ್ಕೆ ಸಾಕಾ?

ಲೇಸುಗಂಟು: ಈಗಲೇ ಬೇಡ. ದಾರಿಮಧ್ಯದ ಭಟ್ಟರಮನೆಯಿಂದ ಕುಕ್ಕೆಗೆ ಇಳಿಯುವ ದಾರಿ ಬೆರಳಿಗೆ ಕರುಣೆ ತೋರಿಸಲ್ಲ. ಬೆನ್ನಿಗೆ ಚೀಲ ಹೊರಿಸಿ ಕಡಿದಾದ ಮೆಟ್ಟಿಲು ಅರ್ಧ ಗಂಟೆ ಇಳಿಸಿ. ಕಾಲುಗುರು ಒಮ್ಮೆ ಶೂ ತುದಿಗೆ ತಾಗಿದರೂ ಈ ಜೋಡಿ ಪಾರ್ಕಿನ ನಡಿಗೆಗೆ ಇರಲಿ, ಬೆಟ್ಟಕ್ಕೆ 8ರದ್ದೋ 8.5ರದ್ದೋ ಬೇರೆ ತಗೊಳ್ಳಿ.