ಹೆಬ್ಬಾವಿರುವ ಮನೆಗೆ ಅವ್ವ ಬರಬೇಕಾಗಿದೆ, ಏನು ಮಾಡಲಿ?

ನವನಗರದ ಟೀಚರ್, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ನವನಗರದಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಒಬ್ಬಳೇ ಎಂದರೆ ಜೊತೆಗೊಂದು ಬಾಲ್ ಪೈಥಾನ್ ಇದೆ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ, ವಿಷವಿಲ್ಲದ ಸಣ್ಣ ಜಾತಿಯ ಹೆಬ್ಬಾವು. ನನ್ನದು ನಾಲ್ಕು ಅಡಿಯ ಆಸುಪಾಸಿನಲ್ಲಿದೆ. ಹೆದರಿದರೆ ತಲೆಯನ್ನು ಸುರುಳಿಯೊಳಗೆ ಅಡಗಿಸಿಕೊಂಡು ಶೇಂಗಾ ಉಂಡಿಯಂತೆ ದುಂಡಗಾಗಿಬಿಡುತ್ತದೆ. ಅದಕ್ಕೇ ಅದಕ್ಕೆ ಉಂಡಿ ಎಂದು ಹೆಸರಿಟ್ಟೆ. ವಿದೇಶಕ್ಕೆ ಹೋದ ಗೆಳತಿಯೊಬ್ಬಳು ಕಾಗದಪತ್ರಗಳ ಸಮೇತ ನನಗೆ ಒಪ್ಪಿಸಿದಳು. ನೋಂದಣಿ ಈಗ ನನ್ನ ಹೆಸರಿಗೇ ಇದೆ, ಮನೆಯ ಮಾಲೀಕರಿಗೂ ಗೊತ್ತಿದೆ.

ಸಹೋದ್ಯೋಗಿಗಳು ಮನೆಗೆ ಬರುವುದನ್ನು ನಿಲ್ಲಿಸಿದ್ದಾರೆ. ಅದನ್ನು ಸಹಿಸಿಕೊಂಡಿದ್ದೇನೆ, ಚಹಾ ಹೊರಗೇ ಕುಡಿಯುತ್ತೇವೆ. ಈಗಿನ ಚಿಂತೆ ಅವ್ವನದು. ಅವಳಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕು. ಆಮೇಲೆ ಕೆಲವು ವಾರ ಹೊತ್ತುಹೊತ್ತಿಗೆ ಔಷಧದ ಹನಿ ಹಾಕಬೇಕು, ತಪಾಸಣೆಗೆ ಕರೆದೊಯ್ಯಬೇಕು. ಬೀಳಗಿ ಕಡೆಯ ನಮ್ಮ ಹಳ್ಳಿಯಲ್ಲಿ ಅದನ್ನೆಲ್ಲ ಮಾಡುವವರಿಲ್ಲ. ಪಂಚಮಿ ಮುಗಿಸಿಕೊಂಡು ನನ್ನ ಮನೆಗೇ ಬಾ ಎಂದರೆ, "ಆ ಮನೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ, ಕಣ್ಣು ಹೋದರೆ ಹೋಗಲಿ" ಎನ್ನುತ್ತಾಳೆ.

ಅವ್ವನದು ಸುಮ್ಮನೆ ಬಂದ ಅಂಜಿಕೆಯಲ್ಲ. ನನ್ನ ಸೋದರಮಾವ ರಾತ್ರಿ ಪಾಳಿಯ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸಲು ಹೋಗಿ, ಕೊಳಕುಮಂಡಲ ಕಚ್ಚಿ ತೀರಿಕೊಂಡ. ಅವನನ್ನು ಬಂಡಿಯಲ್ಲಿ ಮಲಗಿಸಿ ತಂದದ್ದನ್ನು ಅವ್ವ ಕಣ್ಣಾರೆ ಕಂಡಿದ್ದಾಳೆ. ಪಂಚಮಿಯ ದಿನ ಕಲ್ಲನಾಗಪ್ಪನಿಗೆ ಹಾಲೆರೆಯುವಾಗಲೂ ತಮ್ಮನ ಹೆಸರು ಹೇಳಿ ಕಣ್ಣೀರು ಹಾಕುತ್ತಾಳೆ. ಇನ್ನೊಂದು ತೊಡಕೂ ಇದೆ: ಉಂಡಿಯ ಆಹಾರವಾದ ಹೆಪ್ಪುಗಟ್ಟಿಸಿದ ಸತ್ತ ಇಲಿಗಳು ನನ್ನ ಫ್ರಿಜ್ಜಿನ ಮೇಲಿನ ಖಾನೆಯಲ್ಲಿರುತ್ತವೆ. ಮೊಟ್ಟೆಯನ್ನೂ ಮುಟ್ಟದ ನಮ್ಮವ್ವ ಆ ಫ್ರಿಜ್ಜಿನ ಹಾಲು ಮೊಸರು ತಿನ್ನುವುದೆಂತು?

ಉಂಡಿಯನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಅಣ್ಣ ಹೇಳುತ್ತಾನೆ. ಈ ಜಾತಿ ಸಾಕಿದವರ ಬಳಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅಷ್ಟು ಕಾಲ ನೋಡಿಕೊಳ್ಳುತ್ತೇನೆಂದು ಒಪ್ಪಿಯೇ ತಂದುಕೊಂಡಿದ್ದೇನೆ. ಅದನ್ನೂ ಬಿಡಲಾರೆ, ಅವ್ವನನ್ನೂ ಹೆದರಿಸಲಾರೆ. ಹೆದರುವವರ ಜೊತೆ ಒಂದೇ ಸೂರಿನಡಿ ಹಾವು ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಖಾನಾಪುರ ಕಾಡಂಚು:

ಟೀಚರ್, ಊರವರು ಕರೆದಲ್ಲಿ ಹೋಗಿ ಹಾವು ಹಿಡಿದು, ಅರಣ್ಯ ಇಲಾಖೆಗೆ ತಿಳಿಸಿ ಕಾಡಿಗೆ ಬಿಡುವ ಕೆಲಸ ಮಾಡುತ್ತೇನೆ. ನನ್ನ ಮೊದಲ ಮಾತು, ನಿಮ್ಮ ತಾಯಿಯವರಿಗೆ "ಇದಕ್ಕೆ ವಿಷವಿಲ್ಲ" ಎಂದು ಪಾಠ ಮಾಡಬೇಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಓಡಾಡುವ ಸೀಮೆಯಲ್ಲಿ ಕತ್ತಲಲ್ಲಿ ಕಾಲಿಡುವ ರೈತರಿಗೆ ಹಾವಿನ ಭಯ ಇರಲೇಬೇಕು, ಅದೇ ಅವರನ್ನು ಕಾಯುವುದು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿತು. ಅಂಥ ಸೀಮೆಯ ತಾಯಿಗೆ ಅಂಜಬೇಡಿ ಎನ್ನುವುದು ನ್ಯಾಯವಲ್ಲ.

ಮಾಡಬೇಕಾದದ್ದು ಬೀಗದ ಕೆಲಸ. ಹಾವಿನ ಪೆಟ್ಟಿಗೆ ಒಂದು ಕೋಣೆಯಲ್ಲಿರಲಿ. ಗಾಜು ಪಕ್ಕಕ್ಕೆ ಸರಿಯುವ ಪೆಟ್ಟಿಗೆಯಾದರೆ ಎರಡು ಗಾಜಿನ ನಡುವಿನ ಸಂದು ನೋಡಿ. ಬೆರಳು ತೂರಿದರೆ ಹಾವಿನ ತಲೆಯೂ ತೂರುತ್ತದೆ, ತಲೆ ತೂರಿದಲ್ಲಿ ಮೈ ಹಿಂದೆಯೇ ಬರುತ್ತದೆ. ಕಾಯಿಸುವ ಮ್ಯಾಟ್‌ನ ವೈರ್ ಒಳಗೆ ಹೋಗುವ ರಂಧ್ರವನ್ನು ಬಹಳ ಜನ ಮರೆಯುತ್ತಾರೆ, ಅದನ್ನು ಮುಚ್ಚಿ. ಕೋಣೆಯ ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹೊಡೆಸಿ. ಕೋಣೆಯ ಬೀಗದ ಕೈ ತಾಯಿಯವರ ಸೆರಗಿನ ಗಂಟಿನಲ್ಲಿರಲಿ. ಅವರನ್ನು ಕೇಳದೆ ಆ ಬಾಗಿಲು ತೆರೆಯುವ ಹಾಗಿಲ್ಲ ಎಂದಾದರೆ ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತದೆ. ನೆಂಟರೆದುರು ಹಾವನ್ನು ಕೊರಳಿಗೆ ಹಾಕಿಕೊಂಡು ತೋರಿಸುವವರನ್ನು ಕಂಡಿದ್ದೇನೆ, ನನಗೆ ಸಿಟ್ಟು ಬರುತ್ತದೆ. ಎದುರಿನವರಿಗೂ ಹಿಂಸೆ, ಹಾವಿಗೂ ಹಿಂಸೆ.

ಗುಮ್ಮಟದೂರಿನ ತಾಯಿ, ವಿಜಯಪುರ:

ಮಗಳೇ, ನಾನು ನಿಮ್ಮ ಅವ್ವನ ಕಡೆಯವಳು. ನನ್ನ ಮಗ ಕಾರ್ನ್ ಸ್ನೇಕ್ ಎಂಬ ಕೇಸರಿ ಬಣ್ಣದ ಅಮೆರಿಕದ ಹಾವು ಸಾಕಿದ್ದಾನೆ. ಮೊದಮೊದಲು ಆ ಕೋಣೆಯ ಮುಂದೆ ಹಾಯುವಾಗ ಗೋಡೆಗೆ ಆತು ನಡೆಯುತ್ತಿದ್ದೆ. ಈಗಲೂ ಮುಟ್ಟುವುದಿಲ್ಲ, ಮುಟ್ಟು ಎಂದು ಅವನು ಒತ್ತಾಯಿಸುವುದೂ ಇಲ್ಲ.

ನನ್ನ ಮನಸ್ಸು ಸ್ವಲ್ಪ ಸಡಿಲಾದದ್ದು ಅದು ಕಳಚಿದ ಪೊರೆಯನ್ನು ನೋಡಿದಾಗ. ಮಗ ಅದನ್ನು ಹಾಳೆಯ ಮೇಲೆ ಹರಡಿ ಅಂಗಳದ ಬಿಸಿಲಿಗೆ ತಂದಿದ್ದ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ, ಒಂದೊಂದು ಹುರುಪೆಯ ಗುರುತೂ ಕಾಣುತ್ತಿತ್ತು. ತಲೆಯ ಭಾಗದಲ್ಲಿ ಎರಡು ಗುಂಡನೆಯ ಪಾರದರ್ಶಕ ಚಿಪ್ಪುಗಳಿದ್ದವು, ಅವು ಕಣ್ಣಿನ ಮೇಲಿನವು. ಹಾವಿಗೆ ರೆಪ್ಪೆ ಇಲ್ಲವಂತೆ, ಆ ಚಿಪ್ಪೇ ಕಣ್ಣು ಕಾಯುತ್ತದಂತೆ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿ ಸರಿಯಾಗಿ ಕಾಣದೆ ಅದೂ ಅಂಜಿ ಮೂಲೆ ಸೇರುತ್ತದೆ ಎಂದು ಮಗ ಹೇಳಿದ. ಜೀವವಿಲ್ಲದ ಆ ಪೊರೆಯನ್ನು ಹತ್ತಿರದಿಂದ ನೋಡಲು ನನಗೆ ಭಯವಾಗಲಿಲ್ಲ. ನಿಮ್ಮ ಅವ್ವ ತಾವಾಗಿ ಕೇಳಿದರೆ ಮಾತ್ರ ತೋರಿಸಿ, ಕೇಳದಿದ್ದರೆ ಬೇಡ.

ಫ್ರಿಜ್ಜಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ನಮ್ಮ ಮನೆಯಲ್ಲೂ ನಿಜವಾದ ಜಗಳ ನಡೆದದ್ದು ಅದಕ್ಕೇ. ಮಗ ಕೊನೆಗೆ ತನ್ನ ಸಂಬಳದಲ್ಲಿ ಸಣ್ಣ ಫ್ರೀಜರ್ ಕೊಂಡು ಮಾಳಿಗೆಯ ಮೇಲೆ ಇಟ್ಟುಕೊಂಡ.

ಟಿಳಕವಾಡಿ ಓದುಗ:

ಫ್ರೀಜರ್ ಕೊಳ್ಳದೆಯೂ ಆಗುತ್ತದೆ, ಟೀಚರ್. ಬೆಳೆದ ಬಾಲ್ ಪೈಥಾನ್‌ಗೆ ಎರಡು ಮೂರು ವಾರಕ್ಕೊಮ್ಮೆ ಉಣಿಸಿದರೆ ಸಾಕು. ಮೈತುಂಬಿಕೊಂಡು ಆರೋಗ್ಯವಾಗಿರುವುದು ತಿಂಗಳೊಪ್ಪತ್ತು ತಿನ್ನದಿದ್ದರೂ ಕೆಡುವುದಿಲ್ಲ, ಎಷ್ಟೋ ಸಲ ತಾನಾಗಿಯೇ ತಿಂಗಳುಗಟ್ಟಲೆ ಬಾಯಿ ಮುಟ್ಟಿಸುವುದಿಲ್ಲ. ತಾಯಿಯವರು ಬರುವ ವಾರ ಉಣಿಸಿ, ಫ್ರಿಜ್ ಖಾಲಿ ಮಾಡಿ ತೊಳೆದುಬಿಡಿ. ನೀರು ಮಾತ್ರ ತಪ್ಪದೆ ಬದಲಿಸಿ.

ಇನ್ನೊಂದು ಮುಖ್ಯವಾದದ್ದು. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಆಗತಾನೆ ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಹನಿ ಹಾಕುವ ಕೈ ನಿಮ್ಮದು. ಆ ದಿನಗಳಲ್ಲಿ ಉಂಡಿಯನ್ನು ಎತ್ತಿಕೊಳ್ಳಲೇಬೇಡಿ. ನೀರಿನ ಬಟ್ಟಲನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ. ಆ ಕೆಲಸವಾದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಹನಿ ಹಾಕುವ ಮುಂಚೆ ಮತ್ತೊಮ್ಮೆ ತೊಳೆಯಿರಿ.

ಹೊಸ ಸದಸ್ಯ, ಜಮಖಂಡಿ:

ನನಗೂ ಹಾವೆಂದರೆ ಪ್ರೀತಿ. ನಮ್ಮ ತೋಟದಲ್ಲಿ ಕೇರೆಹಾವಿನ ಮರಿ ಸಿಕ್ಕಿದೆ, ಸಾಕಬಹುದೇ?

ಖಾನಾಪುರ ಕಾಡಂಚು:

ಬೇಡ ತಮ್ಮಾ, ಇವತ್ತೇ ಸಿಕ್ಕಲ್ಲಿ ಬಿಟ್ಟುಬಿಡು. ನಮ್ಮ ಕಾಡುಮೇಡಿನ ಹಾವನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಟೀಚರ್ ಅವರ ಹಾವು ವಿದೇಶಿ ಜಾತಿಯದು. ಅದಕ್ಕೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಪೋರ್ಟಲ್‌ನಲ್ಲಿ ನೋಂದಣಿ ಬೇಕು, ಸತ್ತರೂ ವರದಿ ಕೊಡಬೇಕು. ಕೇರೆ ತೋಟದಲ್ಲೇ ಇದ್ದರೆ ನಿಮ್ಮ ಇಲಿಗಳ ಕಾಟವೂ ಕಡಿಮೆಯಾಗುತ್ತದೆ.

ನವನಗರದ ಟೀಚರ್, ಬಾಗಲಕೋಟೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಸೋಂಕಿನ ಮಾತು ಹೇಳಿದ ಟಿಳಕವಾಡಿಯವರಿಗೆ ವಿಶೇಷವಾಗಿ. ನಿನ್ನೆ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಕರಾರು ಹೇಳಿದಳು: ಬೀಗದ ಕೈ ಒಂದೇ ಇರಬೇಕು, ಅದು ಅವಳ ಹತ್ತಿರವೇ ಇರಬೇಕು. ಹಾಲು ಮೊಸರಿಗೆ ಹೊಸ ಪಾತ್ರೆ ಬೇಕು. ಮಲಗುವ ಕೋಣೆ ಹಾವಿನ ಕೋಣೆಗೆ ಗೋಡೆ ಹಂಚಿಕೊಂಡಿರಬಾರದು. ಮೂರಕ್ಕೂ ಒಪ್ಪಿದ್ದೇನೆ. ನನ್ನ ಮಂಚವನ್ನು ಪಡಸಾಲೆಗೆ ಎಳೆದಿದ್ದೇನೆ, ಬಾಗಿಲಿಗೆ ಪಟ್ಟಿ ಹೊಡೆಯಲು ಬಡಿಗೇರರು ಭಾನುವಾರ ಬರುತ್ತಾರೆ. ಖಾನಾಪುರದವರೇ, ವೈರ್ ಹೋಗುವ ರಂಧ್ರವನ್ನು ಯಾವುದರಿಂದ ಮುಚ್ಚುವುದು ಒಳ್ಳೆಯದು, ಸಿಲಿಕಾನ್ ಅಂಟು ನಡೆಯುತ್ತದೆಯೇ?

ಖಾನಾಪುರ ಕಾಡಂಚು:

ನಡೆಯುತ್ತದೆ. ಮೀನಿನ ತೊಟ್ಟಿಗೆ ಬಳಸುವಂಥದ್ದು ತೆಗೆದುಕೊಳ್ಳಿ. ಹಚ್ಚುವ ಮುಂಚೆ ಹಾವನ್ನು ಬೀಗವಿರುವ ಬೇರೆ ಡಬ್ಬಿಗೆ ಹಾಕಿ. ಅಂಟು ಪೂರ್ತಿ ಒಣಗಿ ವಾಸನೆ ಹೋಗುವವರೆಗೂ ಅಲ್ಲಿಯೇ ಇರಲಿ. ಈ ಕೆಲಸವನ್ನು ತಾಯಿಯವರು ಬರುವ ಮೊದಲೇ ಮುಗಿಸಿಕೊಳ್ಳಿ.